ನಾನು ಮೂಸಿ ನೋಡದ ಗಾಳಿ

ಲಿಂಗಸುಗೂರಿನಲ್ಲಿ ನೀರಿಗಿಳಿಯುವ ಸಾಮಾನಿನ ಅಂಗಡಿ ಇದೆ ಎಂದರೆ ಹೊರಗಿನವರು ನಗುತ್ತಾರೆ. ಸಮುದ್ರ ಎಲ್ಲಿ, ಲಿಂಗಸುಗೂರು ಎಲ್ಲಿ! ಇಲ್ಲಿ ಮೋಜಿಗೆ ಯಾರೂ ಮುಳುಗುವುದಿಲ್ಲ. ಕಾಲುವೆಯ ಗೇಟಿಗೆ ಮರದ ಬೊಡ್ಡೆ ಸಿಕ್ಕಿಕೊಂಡರೆ, ಬಾವಿಗೆ ಮೋಟಾರು ಬಿದ್ದರೆ, ಕುಡಿಯುವ ನೀರಿನ ಕೆರೆಯಲ್ಲಿ ಪಂಪಿನ ಬಾಯಿ ಕಟ್ಟಿಕೊಂಡರೆ, ಯಾರದೋ ಹೆಣ ಎರಡು ದಿನವಾದರೂ ತೇಲದಿದ್ದರೆ, ಆಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಹತ್ತಿಪ್ಪತ್ತು ಜನ ಈ ಮೂರು ತಾಲೂಕಿನಲ್ಲಿದ್ದಾರೆ. ಅವರ ಸಿಲಿಂಡರಿಗೆ ಗಾಳಿ ತುಂಬುವುದು, ಸಾಮಾನು ಮಾರುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಜೊತೆಗೆ ಪಂಪ್‌ಸೆಟ್ ರಿಪೇರಿಯನ್ನೂ ಮಾಡುತ್ತೇನೆ, ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ.

ಗಾಳಿ ತುಂಬುವುದೆಂದರೆ ಸೈಕಲ್ಲಿಗೆ ಹೊಡೆದಷ್ಟು ಸಸಾರವಲ್ಲ. ಮೊದಲು ಸಿಲಿಂಡರಿನ ಕೊರಳ ಮೇಲೆ ಹೊಡೆದ ಪರೀಕ್ಷೆಯ ಮುದ್ರೆ ನೋಡಬೇಕು. ಒಳಗೆ ತುಕ್ಕಿದೆಯೇ ಎಂದು ಬ್ಯಾಟರಿ ಬಿಟ್ಟು ನೋಡಬೇಕು. ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಕಾಯದಂತೆ ನಿಧಾನವಾಗಿ ತುಂಬಬೇಕು. ಕಂಪ್ರೆಸರಿಗೆ ಅದಕ್ಕೆಂದೇ ಇರುವ ಎಣ್ಣೆ ಹಾಕಬೇಕು, ಅದರ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ತುಂಬಿದ ಮೇಲೆ ಬಿಳಿ ಬಟ್ಟೆಗೆ ಹಿಡಿದು ಬಿಡಬೇಕು. ಬಟ್ಟೆ ಹಳದಿಯಾದರೆ ಎಣ್ಣೆ ಸೇರಿದೆ ಎಂದರ್ಥ. ಕಡೆಗೆ ವಿಷಗಾಳಿ ತೋರಿಸುವ ಮೀಟರ್ ಹಿಡಿಯಬೇಕು, ಮೂಗಿನಿಂದಲೂ ಮೂಸಬೇಕು. ಮೀಟರಿಗಿಂತ ನನಗೆ ನನ್ನ ಮೂಗಿನ ಮೇಲೆಯೇ ನಂಬಿಕೆ ಜಾಸ್ತಿ. ಸಿಟ್ಟು ಕೂಡ ಅದೇ ಮೂಗಿನ ತುದಿಯಲ್ಲಿದೆ.

ಸಿಂಧನೂರಿನ ಮುಳುಗುವವರು ಸೇರಿ ಒಂದು ಬಳಗ ಕಟ್ಟಿಕೊಂಡಾಗ ಸಿಟ್ಟು ಶುರುವಾಯಿತು. ಈಜು ಕಲಿಸುವ ಒಬ್ಬ ಮೇಷ್ಟ್ರು ಅದರ ಅಧ್ಯಕ್ಷರು. ಒಳ್ಳೆಯ ಮನುಷ್ಯ, ಹೆಣ ತೆಗೆಯಲು ಯಾರು ಕರೆದರೂ ಒಂದು ಪೈಸೆ ಮುಟ್ಟದೆ ಹೋಗುತ್ತಿದ್ದರು. ಎಲ್ಲರೂ ಸೇರಿ ಆನ್‌ಲೈನಿನಲ್ಲಿ ಒಂದು ಸಣ್ಣ ಕಂಪ್ರೆಸರ್ ತರಿಸಿದರು. ಮುಖವಾಡ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಎಲ್ಲವೂ ಹಾಗೆಯೇ ರಟ್ಟಿನ ಡಬ್ಬಿಯಲ್ಲಿ ಬಂದಿಳಿದವು. ಗಾಳಿ ತುಂಬಿಸಲು ಐವತ್ತು ಕಿಲೋಮೀಟರ್ ದೂರದ ಲಿಂಗಸುಗೂರಿಗೆ ಯಾಕೆ ಬರಬೇಕು ಹೇಳಿ? ಮುಚ್ಚಿದ ರೈಸ್ ಮಿಲ್ಲಿನ ಶೆಡ್ಡಿನಲ್ಲಿ ಅವರವರೇ ತುಂಬಿಕೊಳ್ಳತೊಡಗಿದರು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು ಎಂದು ನಾನು ಚಹದಂಗಡಿಯಲ್ಲಿ ಆಡಿಕೊಂಡೆ. ನಿಜ ಹೇಳಬೇಕೆಂದರೆ ಹೊಟ್ಟೆಯುರಿ. ಅವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಅವರಲ್ಲೇ ಒಬ್ಬೊಬ್ಬರು ರೆಗ್ಯುಲೇಟರ್ ಸೋರುತ್ತದೆ, ವಾಲ್ವ್ ಬಿಗಿಯಾಗಿದೆ ಎಂದು ನನ್ನ ಬಳಿ ಬರತೊಡಗಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಒಳಗೇ ಹಿಗ್ಗಿದೆ. ಬಣ್ಣದ ಡಬ್ಬಿ ತಂದು ಹಲಗೆಯ ಮೇಲೆ ನಾನೇ ಬರೆದೆ: ‘ಹೊರಗೆ ಕೊಂಡ ಸಾಮಾನು, ಹೊರಗೆ ತುಂಬಿದ ಗಾಳಿ ಇಲ್ಲಿ ನೋಡುವುದಿಲ್ಲ.’ ಬಾಗಿಲ ಮೇಲೆ ಮೊಳೆ ಹೊಡೆದೆ.

ಒಂದು ಮಂಗಳವಾರ ಮಧ್ಯಾಹ್ನ ಸಿಂಧನೂರಿನ ಹತ್ತಿರದ ಸಾಲಗುಂದದವನೊಬ್ಬ ಬಂದ. ಬಳಗದಲ್ಲಿ ಅವನಷ್ಟು ಅನುಭವ ಇದ್ದವರು ಬೇರೆ ಇರಲಿಲ್ಲ. ಮೊದಲು ನನ್ನ ಗಿರಾಕಿ, ಆಮೇಲೆ ಎಲ್ಲರ ಜೊತೆ ಅವನೂ ಆ ಕಡೆ ಹೋಗಿದ್ದ. ಬೈಕಿನ ಹಿಂದೆ ಹಳದಿ ಸಿಲಿಂಡರ್ ಕಟ್ಟಿಕೊಂಡು ಆ ಬಿಸಿಲಲ್ಲಿ ಅಷ್ಟು ದೂರ ಬಂದಿದ್ದ. ನಾನು ಒಂದು ಮೋಟಾರಿನ ಬೇರಿಂಗ್ ಕಳಚುತ್ತಿದ್ದೆ, ತಲೆ ಎತ್ತಲಿಲ್ಲ.

“ಅಣ್ಣಾರ, ಜರಾ ಈ ಗಾಳಿ ಮೂಸಿ ನೋಡ್ರೀ. ಬಾಯಾಗ ಸುಟ್ಟೆಣ್ಣಿ ವಾಸನಿ ಬರಾಕತ್ತೈತಿ. ನಿನ್ನಿ ಒಂದು ಬಾವಿಯಾಗ ಅರ್ಧ ತಾಸು ಇದ್ದೆ. ಮ್ಯಾಲ ಬಂದ್ರ ತಲಿ ಸಿಡದು ಹೋತ್ರೀ, ವಾಂತಿನೂ ಆತು” ಎಂದ.

“ಎಲ್ಲಿ ತುಂಬಿಸೀದಿ?”

“ಗೊತ್ತೈತಲ್ರೀ. ಬಳಗದಾಗ.”

“ಮಷೀನು ಎಲ್ಲಿಂದ ತರಿಸೀರಿ?”

“ಮೊಬೈಲಿನಾಗರೀ.”

“ಹಂಗಾರ ಮೊಬೈಲಿಗೇ ಮೂಸಾಕ ಹೇಳು. ಅದಕ್ಕೂ ಮೂಗು ಐತೋ ಇಲ್ಲೋ ನೋಡೂಣು.”

ಅವನು ನಕ್ಕ. ನನ್ನ ಬಾಯಿ ಅವನಿಗೆ ಹೊಸದಲ್ಲ. “ಸಿಟ್ಟು ಬ್ಯಾಡ್ರೀ ಅಣ್ಣಾರ. ಶುಕ್ರವಾರ ಮಸ್ಕಿ ಆಚೆ ಜಾಕ್‌ವೆಲ್ಲಿನ ಕೆಲಸ ಐತಿ. ಮನ್ಯಾಗ ಈಕಿ ಹೋಗಬ್ಯಾಡ ಅಂತ ಗಂಟು ಬಿದ್ದಾಳ. ನೀವೊಂದು ಸಲ ನೋಡಿಬಿಟ್ರ ಫಿಕರ್ ಇರಂಗಿಲ್ಲ. ಒಂದ್ ನಿಮಿಷದ ಮಾತು.”

“ಬೋರ್ಡು ಓದು” ಎಂದೆ.

ಅವನು ತಲೆ ಎತ್ತಿ ಓದಿದ. ಮೀಟರ್ ನನ್ನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲೇ ಇತ್ತು. ಇನ್ನೊಂದು ಸಲ ಕೇಳಿದ್ದರೆ ನೋಡುತ್ತಿದ್ದೆ, ದೇವರಾಣೆಗೂ ನೋಡುತ್ತಿದ್ದೆ. ಕೇಳಲಿ ಎಂದೇ ಕಾಯುತ್ತಿದ್ದೆ. ಎರಡು ಮಾತು ಬೈದು, ಆಮೇಲೆ ನೋಡಿಕೊಟ್ಟು ಕಳಿಸುವುದು ನನ್ನ ಲೆಕ್ಕಾಚಾರ. ಅವನು ಕೇಳಲಿಲ್ಲ. “ಆತು ಬಿಡ್ರೀ” ಎಂದು ಸಿಲಿಂಡರನ್ನು ಮತ್ತೆ ಕಟ್ಟಿಕೊಂಡು ಹೋದ. ನಾನು ಬೇರಿಂಗ್ ಕಳಚಿ ಮುಗಿಸಿದೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೇಷ್ಟ್ರ ಫೋನು ಬಂತು. ಬಳಗ ಕಟ್ಟಿದ ಎರಡು ವರ್ಷದಲ್ಲಿ ಅವರು ನನಗೆ ಫೋನು ಮಾಡಿದ್ದು ಅದೇ ಮೊದಲು.

“ಅಣ್ಣಾರ, ನಮ್ಮ ಸಾಲಗುಂದದಾವ ಜಾಕ್‌ವೆಲ್ಲಿನಾಗ ಅದಾನ್ರೀ. ಹಗ್ಗ ಜಗ್ಗಿದ್ರ ಜವಾಬಿಲ್ಲ.”

ಜಾಕ್‌ವೆಲ್ ಎಂದರೆ ಕೆರೆಯ ಅಂಚಿನಲ್ಲಿ ಕಟ್ಟಿದ ದುಂಡು ಬಾವಿ. ಕೆರೆಯ ನೀರು ಅದಕ್ಕೆ ಬರುತ್ತದೆ, ಅಲ್ಲಿಂದ ಪಂಪು ಊರಿಗೆ ಎತ್ತುತ್ತದೆ. ತಳದಲ್ಲಿ ಪಂಪಿನ ಬಾಯಿಗೆ ಕಸ ಕಟ್ಟಿಕೊಂಡಿತ್ತು, ಮೂವತ್ತು ಅಡಿ ನೀರು. ಅದನ್ನು ಬಿಡಿಸಲು ಅವನು ಇಳಿದಿದ್ದ. ಇಳಿದವನ ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ. ಮೇಲಿನವರು ಒಂದು ಸಲ ಜಗ್ಗಿದರೆ ಕೆಳಗಿನವನು ಒಂದು ಸಲ ಜಗ್ಗಬೇಕು.

“ಎಳೀರಿ ಮ್ಯಾಲಕ್ಕ!”

“ಬರವಲ್ದರೀ. ಪೈಪಿಗೆ ಸುತ್ತಿಕೊಂಡೈತಿ. ಇಬ್ಬರು ಉಸುರು ಕಟ್ಟಿ ಮುಳುಗಿ ನೋಡಿದ್ರು, ರಾಡಿಯಾಗ ಏನೂ ಕಾಣವಲ್ದು. ಈಗ ಅವನ ತಮ್ಮ ಎರಡನೇ ಸಿಲಿಂಡರ್ ಕಟ್ಟಿಕೊಳ್ಳಾಕತ್ಯಾನ.”

“ಅದನ್ನ ಯಾವತ್ತು ತುಂಬೀರಿ?”

“ಎರಡೂ ಒಂದೇ ದಿನಾರೀ, ಒಂದರ ಹಿಂದ ಒಂದು. ಯಾಕ್ರೀ?”

ಆ ‘ಯಾಕ್ರೀ’ಗೆ ಉತ್ತರ ನನಗೆ ಮಂಗಳವಾರವೇ ಗೊತ್ತಿತ್ತು. ಸುಟ್ಟೆಣ್ಣೆ ವಾಸನೆ, ತಲೆಸಿಡಿತ, ವಾಂತಿ: ಇದನ್ನು ತಿಳಿಯಲು ಮೀಟರ್ ಕೂಡ ಬೇಕಾಗಿರಲಿಲ್ಲ. ಬೇಕೆಂದೇ ಕಿವಿ ಮುಚ್ಚಿಕೊಂಡಿದ್ದೆ.

ಹಗ್ಗಕ್ಕೆ ಜವಾಬು ನಿಂತು ಹತ್ತು ನಿಮಿಷವಾಗಿದೆ ಎಂದರು ಮೇಷ್ಟ್ರು. ಪ್ರಜ್ಞೆ ತಪ್ಪಿದಾಗ ರೆಗ್ಯುಲೇಟರ್ ಬಾಯಿಂದ ಜಾರಿದ್ದರೆ ಅವನು ಆಗಲೇ ಮುಗಿದಿದ್ದಾನೆ. ಹಲ್ಲು ಕಚ್ಚಿಕೊಂಡಿದ್ದರೆ ಇನ್ನೂ ಉಸಿರಾಡುತ್ತಿರಬಹುದು, ಆದರೆ ಎಳೆದುಕೊಳ್ಳುವುದು ಅದೇ ವಿಷ. ತಮ್ಮ ಈಗಲೇ ಇಳಿದರೆ ಅಣ್ಣ ಬದುಕಿದರೂ ಬದುಕಬಹುದು. ಇಳಿದು, ಹಗ್ಗ ಬಿಡಿಸಲು ಏದುಸಿರು ಬಿಡುತ್ತ ಸೆಣಸಿದರೆ ತಮ್ಮನೂ ಅಲ್ಲೇ ಕುಸಿಯಬಹುದು. ನಾನು ಅಲ್ಲಿಗೆ ಮುಟ್ಟಲು ಮುಕ್ಕಾಲು ತಾಸು ಬೇಕು.

“ಅವನ್ನ ಹಿಡೀರಿ” ಎಂದೆ. “ಆ ಸಿಲಿಂಡರ್ ಯಾರೂ ಬಾಯಿಗೆ ಹಚ್ಚಬ್ಯಾಡ್ರಿ. ಆ ಗಾಳಿಯಾಗ ವಿಷ ಐತಿ.”

“ಏನಂತೀರಿ! ಅಣ್ಣ ಒಳಗ ಸಾಯಾಕತ್ಯಾನ, ತಮ್ಮನ್ನ ಹೆಂಗ ಹಿಡೀಲ್ರೀ?”

“ಕೈಕಾಲು ಕಟ್ರಿ. ಇಲ್ಲಂದ್ರ ಎರಡು ಹೆಣ ತೆಗೀತೀರಿ. ಉಸುರು ಕಟ್ಟಿ ಮುಳುಗೋರು ಮುಳುಗ್ಲಿ, ಬಿಡಬ್ಯಾಡ್ರಿ. ಆಂಬುಲೆನ್ಸಿಗೆ ಹೇಳ್ರಿ. ನಾ ಹೊಂಟೆ.”

ಫೋನಿನಲ್ಲಿ ತಮ್ಮನ ಕೂಗು ಕೇಳಿಸಿತು. “ಬಿಡ್ರಲೇ ನನ್ನ! ನಮ್ಮಣ್ಣಲೇ ಅವ!” ಆಮೇಲೆ ಗದ್ದಲ. ಫೋನು ಕಟ್ಟಾಯಿತು.

ತುಂಬಿಟ್ಟಿದ್ದ ನಾಲ್ಕು ಸಿಲಿಂಡರ್, ಎರಡು ರೆಗ್ಯುಲೇಟರ್, ಮೀಟರು, ಬಿಳಿ ಪಂಚೆಯ ತುಂಡು, ಇಷ್ಟನ್ನು ಗಾಡಿಗೆ ಹಾಕಿಕೊಂಡು ಹೊರಟೆ. ಅವತ್ತಿನ ರಸ್ತೆಯನ್ನು ನಾನು ಯಾವತ್ತೂ ಮರೆಯುವುದಿಲ್ಲ. ಅರ್ಧ ರಸ್ತೆಯ ತುಂಬ ಭತ್ತ ಒಣಹಾಕಿ ಸುತ್ತ ಕಲ್ಲಿಟ್ಟಿದ್ದರು. ಎದುರಿನಿಂದ ಕಟಾವು ಯಂತ್ರ ಹೊತ್ತ ಲಾರಿಗಳು. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ, ಬಾಯಿಗೆ ಬಂದಂತೆ ಬೈದೆ. ಯಾರನ್ನು ಬೈಯುತ್ತಿದ್ದೆನೋ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಕೊಯ್ದದ್ದು ಬೇರೆಯವನ ಉಸಿರನ್ನು.

ಮುಟ್ಟಿದಾಗ ಕೆರೆಯ ಏರಿಯ ಮೇಲೆ ಜನವೋ ಜನ. ತಮ್ಮನನ್ನು ನೆಲಕ್ಕೆ ಕೆಡವಿ ಇಬ್ಬರು ಕಾಲ ಮೇಲೆ ಕೂತಿದ್ದರು. ಇಪ್ಪತ್ತೈದರ ಆಳು, ಮೈಯೆಲ್ಲ ಮಣ್ಣು, ಕೂಗಿ ಕೂಗಿ ಗಂಟಲು ಬಿದ್ದಿತ್ತು. ಮೇಷ್ಟ್ರು ಒದ್ದೆ ಬಟ್ಟೆಯಲ್ಲಿ ಬಾವಿಯ ಕಟ್ಟೆ ಹಿಡಿದು ನಿಂತಿದ್ದರು. ಉಸಿರು ಕಟ್ಟಿ ಏಳು ಸಲ ಅವರೇ ಮುಳುಗಿದ್ದರಂತೆ. ನೀರಿನ ಒತ್ತಡಕ್ಕೆ ಕಿವಿಯಿಂದ ಒಂದೆಳೆ ರಕ್ತ ಇಳಿದಿತ್ತು.

ಅಷ್ಟು ಅವಸರದಲ್ಲೂ ನಾನು ಕ್ರಮ ಬಿಡಲಿಲ್ಲ. ನನ್ನ ಸಿಲಿಂಡರಿನ ವಾಲ್ವ್ ತೆರೆದು ಬಿಳಿ ಬಟ್ಟೆಗೆ ಬಿಟ್ಟೆ, ಮೀಟರ್ ಹಿಡಿದೆ, ರೆಗ್ಯುಲೇಟರ್ ನನ್ನ ಬಾಯಿಗೇ ಇಟ್ಟುಕೊಂಡು ಹತ್ತು ಉಸಿರು ಎಳೆದೆ. ಆಮೇಲೆ ತಮ್ಮನ ಬೆನ್ನಿಗೆ ಕಟ್ಟಿದೆ. ಅವನು ನನ್ನ ಮುಖ ನೋಡಲಿಲ್ಲ. “ಹಗ್ಗ ಕೊಯ್ಯಬ್ಯಾಡ, ಪೈಪಿನ ಸುತ್ತ ಬಿಡಿಸಿಕೊಂತ ಬಾ. ಏನರ ತಲಿ ತಿರುಗಿದ್ರ ಸೊಂಟದ ಸೀಸದ ಬೆಲ್ಟ್ ಬಿಚ್ಚಿ ಮ್ಯಾಲ ಬಾ” ಎಂದೆ. ಕೇಳಿಸಿಕೊಂಡನೋ ಇಲ್ಲವೋ, ಇಳಿದುಬಿಟ್ಟ.

ಗುಳ್ಳೆಗಳು ಒಂದೇ ಕಡೆ ಏಳುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಸಡಿಲವಾಯಿತು, ಎಳೆದೆವು. ಅಣ್ಣನನ್ನು ಎದೆಗೆ ಅಪ್ಪಿಕೊಂಡೇ ತಮ್ಮ ಮೇಲೆ ಬಂದ.

ರೆಗ್ಯುಲೇಟರ್ ಬಾಯಲ್ಲೇ ಇತ್ತು. ಹಲ್ಲು ಕಚ್ಚಿಕೊಂಡಿದ್ದವು, ಬಿಡಿಸಲು ಬೆರಳು ಹಾಕಬೇಕಾಯಿತು. ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿತ್ತು. ಅಂದರೆ ಗಾಳಿ ಮುಗಿಯುವವರೆಗೂ ಅವನು ಉಸಿರಾಡಿದ್ದ. ನೀರು ಕುಡಿದು ಸತ್ತವರ ತುಟಿ ನೀಲಿಗಟ್ಟಿರುತ್ತದೆ, ಅಂಥವರನ್ನು ನಾನು ಬಹಳ ನೋಡಿದ್ದೇನೆ. ಇವನ ತುಟಿ, ಉಗುರು ಕೆಂಪಗಿದ್ದವು, ಈಗಷ್ಟೇ ಎಲೆ-ಅಡಿಕೆ ಹಾಕಿದವನಂತೆ. ಅದು ವಿಷಗಾಳಿಯ ಗುರುತು. ಆಂಬುಲೆನ್ಸಿನವರು ಎದೆ ಒತ್ತಿ ನೋಡಿದರು, ಆಮೇಲೆ ಕೈಬಿಟ್ಟರು.

ಬೆಲ್ಟ್ ಬಿಚ್ಚುತ್ತ ತಮ್ಮ ನನಗೆ ಒಂದೇ ಮಾತು ಹೇಳಿದ. “ಐವತ್ತು ನಿಮಿಷ ನನ್ನ ಇಲ್ಲೇ ಹಿಡಿದಿಟ್ರಿ.”

ಪೊಲೀಸರು ಬಂದರು. ನಿಮಗೆ ಇದರ ತಿಳಿವಳಿಕೆ ಇದೆಯಂತೆ, ನೋಡಿ ಹೇಳಿ ಎಂದರು. ಬಳಗದ ಎರಡನೇ ಸಿಲಿಂಡರನ್ನು ಎಲ್ಲರೆದುರು ತೆರೆದೆ. ಬಿಳಿ ಬಟ್ಟೆಯ ಮೇಲೆ ರೂಪಾಯಿಯಗಲ ಹಳದಿ ಕಲೆ ಬಿತ್ತು. ಮೀಟರಿನ ಕೆಂಪು ದೀಪ ಹೊತ್ತಿಕೊಂಡು ಚೀರತೊಡಗಿತು. ಮೇಷ್ಟ್ರು ಅಲ್ಲೇ ಕುಸಿದು ಕೂತರು. ತಮ್ಮ ಅದನ್ನು ನೋಡಿದ. ಅವನ ಜೀವ ಯಾವುದರಿಂದ ಉಳಿಯಿತು ಎಂಬುದು ಅವನಿಗೆ ತಿಳಿದಿರಬೇಕು, ಆದರೆ ಆ ತಿಳಿವಳಿಕೆಯಿಂದ ಅವನ ಮುಖ ಇನ್ನಷ್ಟು ಕಪ್ಪಿಟ್ಟಿತು.

ಮರುದಿನ ಮೇಷ್ಟ್ರು ನನ್ನನ್ನು ಸಿಂಧನೂರಿನ ಶೆಡ್ಡಿಗೆ ಕರೆದೊಯ್ದರು. ಬಾಗಿಲು ತೆರೆದ ಕೂಡಲೇ ಹಕೀಕತ್ತು ಕಣ್ಣಿಗೆ ಬಿತ್ತು. ಕಂಪ್ರೆಸರಿನ ಮೇಲೆ ನಾಲ್ಕು ಗೋಣಿಚೀಲ, ಒಂದರ ಮೇಲೊಂದು, ಪಕ್ಕದಲ್ಲಿ ನೀರಿನ ಬಕೆಟ್ಟು.

“ಬಿಸಲಿಗೆ ಮಷೀನು ಕಾಯಾಕತ್ತಿತ್ರೀ. ಹೊಲದಾಗ ಇಂಜಿನ್ನಿಗೆ ಹಾಕಂಗಿಲ್ಲೇನು? ಹಂಗ ನಾನೇ ತೊಯಿಸಿ ಹೊಚ್ಚಿಸಿದೆ” ಎಂದರು ಮೇಷ್ಟ್ರು.

ನಮ್ಮ ಕಡೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಹೊಲದ ಡೀಸೆಲ್ ಇಂಜಿನ್ ನೀರಿನಿಂದ ತಣ್ಣಗಾಗುವಂಥದ್ದು. ಅದು ಕಾದರೆ ಒದ್ದೆ ಗೋಣಿ ಹೊದಿಸುವುದು ಅಜ್ಜನ ಕಾಲದ ರೂಢಿ. ಕುಡಿಯುವ ನೀರಿನ ಕೊಡಕ್ಕೂ ಅದನ್ನೇ ಸುತ್ತುತ್ತೇವೆ. ಆದರೆ ಈ ಕಂಪ್ರೆಸರ್ ಗಾಳಿಯಿಂದ ತಣ್ಣಗಾಗುವಂಥದ್ದು, ಅದರ ಪಕ್ಕದಲ್ಲೇ ಫ್ಯಾನು ತಿರುಗುತ್ತದೆ. ಗೋಣಿ ಹೊದಿಸಿದ್ದಕ್ಕೆ ಫ್ಯಾನಿಗೆ ಗಾಳಿ ಸಿಗದೆ ಮಷೀನು ಒಳಗೊಳಗೇ ಬೆಂದಿತ್ತು. ಅದಕ್ಕೆ ಹಾಕಿದ್ದ ಪಂಪ್‌ಸೆಟ್ಟಿನ ಎಣ್ಣೆ ಆ ಕಾವಿಗೆ ಸುಟ್ಟು ವಿಷಗಾಳಿಯಾಗಿ ಸಿಲಿಂಡರ್ ಸೇರಿತ್ತು. ಒದ್ದೆ ಹವೆಗೆ ಫಿಲ್ಟರೂ ಸತ್ತುಹೋಗಿತ್ತು. ಮಷೀನಿನ ಜೊತೆ ಬಂದ ಪುಸ್ತಕ ಡಬ್ಬಿಯಲ್ಲೇ ಇತ್ತು. ಅದರ ಲಿಪಿ ಯಾವ ದೇಶದ್ದೋ, ಓದುವವರು ಯಾರೂ ಇರಲಿಲ್ಲ.

“ಒಂದು ಮಾತು ನಿಮ್ಮನ್ನ ಕೇಳಿದ್ರ ಆಗತಿತ್ತು” ಎಂದು ಮೇಷ್ಟ್ರು ಅತ್ತರು. ಗಂಡಸು ಹಾಗೆ ಅಳುವುದನ್ನು ನೋಡಲಾಗದು. ಕೇಳಿದ್ದರೆ ನಾನು ಬೋರ್ಡು ತೋರಿಸುತ್ತಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಯಾರಿಗೂ ಹೇಳಲಿಲ್ಲ. ಸುದ್ದಿ ಮೂರೂ ತಾಲೂಕಿಗೆ ಹಬ್ಬಿತು. ಅಂಗಡಿ ಗಾಳಿ ಅಂಗಡಿ ಗಾಳಿನೇ ಎಂದು ಜನ ಆಡಿಕೊಂಡರು. ಬಿಟ್ಟುಹೋದ ಗಿರಾಕಿಗಳಲ್ಲಿ ಇಬ್ಬರು ಭಾನುವಾರವೇ ಸಿಲಿಂಡರ್ ಹೊತ್ತು ಬಂದು, “ನೀವಿದ್ದದ್ದಕ್ಕ ತಮ್ಮನ ಜೀವ ಉಳೀತ್ರೀ” ಎಂದರು. ಒಂದರ್ಧ ದಿನ ನನಗೆ ಒಳಗೇ ಖುಷಿಯೂ ಆಯಿತು. ಥೂ ನನ್ನ ಬಾಳಿಗಿಷ್ಟು! ಅವತ್ತು ಸಂಜೆ ಬೋರ್ಡು ಕಿತ್ತೆ. ಅದನ್ನು ಕಿತ್ತರೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಏನೂ ಆಗಲಿಲ್ಲ.

ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರಬೇಕು, ಅದು ರೀತಿ. ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಮೇಷ್ಟ್ರ ಜೊತೆ ಸಾಲಗುಂದಕ್ಕೆ ಹೋದೆ. ಹೊರಗಿನ ಕಟ್ಟೆಯ ಮೇಲೆ ತಮ್ಮ ಕೂತಿದ್ದ. ನಮ್ಮನ್ನು ನೋಡಿ ಎದ್ದು ಚಾಪೆ ಹಾಸಿದ. ಸತ್ತವನ ಹೆಂಡತಿ ಬಾಗಿಲ ಹತ್ತಿರ ಗೋಡೆಗೆ ಒರಗಿದ್ದಳು. ತೆಳ್ಳನೆಯ ಹೆಂಗಸು, ಅತ್ತು ಮುಗಿದ ಮುಖ.

ಮೇಷ್ಟ್ರು ಅವಳ ಮುಂದೆ ಕೂತು ತಪ್ಪೆಲ್ಲ ತನ್ನದೇ ಎಂದರು. ಗೋಣಿಯ ಮಾತು, ಎಣ್ಣೆಯ ಮಾತು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಪೂರ್ತಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಲಿಂಗಸುಗೂರು ಅಣ್ಣಾರು ನೀವೇ ಏನ್ರೀ?”

“ಹೌದವ್ವಾ.”

“ನಮ್ಮ ಮೈದುನನ ಜೀವ ಉಳಿಸೀರಿ. ದೇವರು ನಿಮ್ಮನ್ನ ಚಲೋ ಇಟ್ಟಿರಲಿ” ಎಂದು ಕೈ ಮುಗಿದಳು. “ಒಂದು ಮಾತು ಕೇಳ್ತೀನ್ರೀ, ತಪ್ಪು ತಿಳೀಬ್ಯಾಡ್ರಿ. ಮಂಗಳವಾರ ನೀವು ಮೂಸಿ ನೋಡಿದಾಗ ಗಾಳಿ ಚಲೋ ಇತ್ತಂತಲ್ಲ? ಆಮ್ಯಾಲ ಕೆಟ್ಟಿತೇನ್ರೀ?”

ಏನು ಕೇಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ಮನೆಯಲ್ಲಿ ಅವಳಿಗೆ ಹಾಗೆ ಹೇಳಿದ್ದ. ನನ್ನಿಂದ ಮಾತು ಕೇಳಿಸಿಕೊಂಡು ಬಂದದ್ದನ್ನು ನುಂಗಿಕೊಂಡು, ಅಂಗಡಿಯ ಅಣ್ಣ ನೋಡಿದ್ದಾನೆ, ಎಲ್ಲ ಸರಿ ಇದೆ ಎಂದಿದ್ದ. ಹೌದವ್ವಾ, ಇಟ್ಟಲ್ಲಿ ಕೆಟ್ಟಿರಬೇಕು ಎಂದರೆ ಮುಗಿಯುತ್ತಿತ್ತು. ಅಲ್ಲಿ ಅದನ್ನು ಸುಳ್ಳು ಎನ್ನುವವರು ಯಾರೂ ಇರಲಿಲ್ಲ. ಮೇಷ್ಟ್ರು ಬೆರಗಾಗಿ ನನ್ನನ್ನೇ ನೋಡುತ್ತಿದ್ದರು. ತಮ್ಮನೂ ತಲೆ ಎತ್ತಿದ.

“ನಾ ನೋಡಲಿಲ್ಲವ್ವಾ” ಎಂದೆ. “ನೋಡು ಅಂತ ಅಷ್ಟು ದೂರ ಬಂದಿದ್ದ. ಹೊರಗ ತುಂಬಿದ್ದು ನೋಡಂಗಿಲ್ಲ ಅಂತ ಬೋರ್ಡು ತೋರಿಸಿ ಕಳಿಸಿದೆ. ಹಗಲು ಹೊತ್ತು, ಕೈಯಾಗ ಒಂದು ಬೇರಿಂಗ್ ಇತ್ತು, ಅಷ್ಟ. ನೋಡಿದ್ರ ಅವತ್ತೇ ಗೊತ್ತಾಗತಿತ್ತು.”

ತಮ್ಮ ಕಟ್ಟೆಯಿಂದ ಇಳಿದು ನನ್ನೆದುರು ಬಂದು ನಿಂತ. ಹೊಡೆಯಲಿ ಎಂದುಕೊಂಡೆ. ಅವನು ಅತ್ತಿಗೆಯ ಮುಖ ನೋಡಿದ. ಅವಳು ನನ್ನ ಕಡೆ ಮುಗಿದ ಕೈಯನ್ನು ಹಾಗೇ ಹಿಡಿದಿದ್ದಳು, ಇಳಿಸುವುದು ಮರೆತಿತ್ತು. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ.

“ಹೋಗಬ್ಯಾಡ ಅಂತ ಎರಡು ದಿನ ಹಟ ಹಿಡಿದಿದ್ದೆನ್ರೀ ನಾ. ಅಡಗಿ ಮಾಡದ ಕುಂತಿದ್ದೆ. ಶುಕ್ರವಾರ ಮುಂಜಾನೆ, ಲಿಂಗಸುಗೂರು ಅಣ್ಣಾರು ನೋಡ್ಯಾರ, ಏನಾಗಂಗಿಲ್ಲ ಅಂದ್ರು ಇವರು. ನಿಮ್ಮ ಹೆಸರು ಕೇಳಿ ಎದ್ದು ಬುತ್ತಿ ಕಟ್ಟಿಕೊಟ್ಟೆನ್ರೀ.”